ಹಳೆ ಎಟಿಯೋಸ್ ತಗೋಬೇಕಾ? ಮೊದ್ಲು ಅದರ ಲೆಕ್ಕ ಓದೋದು ಹೇಗೆ ಅಂತ ನೋಡಿ

ಐದು ಜನ ಆರಾಮಾಗಿ ಕೂರಬೇಕು, ಊರಿಗೆ ಹೋಗಿ ಬರೋವಾಗ ಅಕ್ಕಿ ಮೂಟೆ, ತೆಂಗಿನಕಾಯಿ ಚೀಲ ಎಲ್ಲ ಡಿಕ್ಕಿ ಒಳಗೆ ಹೋಗಬೇಕು, ತಿಂಗಳಿಗೊಂದ್ಸಲ ಗ್ಯಾರೇಜ್ ಮುಂದೆ ನಿಲ್ಲೋ ಹಾಗಿರಬಾರ್ದು, ದುಡ್ಡೂ ಕಮ್ಮಿ ಇರಬೇಕು ಅಂತ ಕೇಳಿ ನೋಡಿ, ಮೆಕ್ಯಾನಿಕ್‌ಗಳ ಬಾಯಲ್ಲಿ ಬರೋ ನಾಲ್ಕೈದು ಹೆಸರಲ್ಲಿ ಟೊಯೋಟಾ ಎಟಿಯೋಸ್ ಒಂದು. ಮಾತು ಸುಳ್ಳಲ್ಲ. ಆದ್ರೆ ಮನೆಯವರಿಗೆ ಯಾಕೆ ಇದು ಇಷ್ಟ ಆಗುತ್ತೋ ಅದೇ ಕಾರಣಕ್ಕೆ ಟ್ಯಾಕ್ಸಿಯವರೂ ಇದನ್ನ ಮುಗಿಬಿದ್ದು ತಗೊಂಡ್ರು, ಹಾಗಾಗಿ ಇವತ್ತು ಮಾರ್ಕೆಟ್‌ನಲ್ಲಿ ಸಿಗೋ ಎಟಿಯೋಸ್‌ಗಳಲ್ಲಿ ಮನೆ ಗಾಡಿ ಯಾವುದು, ಏರ್‌ಪೋರ್ಟ್ ರೋಡಲ್ಲಿ ಹಗಲು ರಾತ್ರಿ ದುಡಿದು ಬಂದಿರೋದು ಯಾವುದು ಅಂತ ಗುರುತಿಸೋದೇ ಅರ್ಧ ಕೆಲಸ. ಇನ್ನರ್ಧ ಸ್ಪೆಸಿಫಿಕೇಶನ್ ಅರ್ಥ ಮಾಡ್ಕೊಳೋದು.

ಮೊದಲು ಗಾಡಿ ಎಲ್ಲಿಂದ ಬಂತು ಅಂತ ತಿಳ್ಕೊಳ್ಳಿ

ಇದು ನಮ್ಮ ಬಿಡದಿ ಗಾಡಿ. ಟೊಯೋಟಾ, ಕಿರ್ಲೋಸ್ಕರ್ ಸೇರಿ 1997ರಲ್ಲಿ ಕಂಪನಿ ಮಾಡಿದ್ರು, 2000ದಲ್ಲಿ ಕ್ವಾಲಿಸ್ ಬಂತು, 2005ರಲ್ಲಿ ಇನ್ನೋವಾ ಬಂತು, ಎರಡೂ ಹಿಟ್ ಆದ್ವು. ಆದ್ರೆ ಮಾಮೂಲಿ ಮನೆಯವರು ಕೊಳ್ಳೋ ರೇಂಜಲ್ಲಿ ಟೊಯೋಟಾ ಹತ್ರ ಏನೂ ಇರ್ಲಿಲ್ಲ, ಕೊರೋಲಾ ಅಂದ್ರೆ ಆಗ ದೊಡ್ಡವರ ಗಾಡಿ. ಆ ಜಾಗ ತುಂಬೋಕೆ ಭಾರತದಂಥ ದೇಶಗಳನ್ನೇ ತಲೇಲಿ ಇಟ್ಕೊಂಡು ಹೊಸದಾಗಿ ಡಿಸೈನ್ ಮಾಡಿದ ಕಾರು ಎಟಿಯೋಸ್. ಚೀಫ್ ಎಂಜಿನಿಯರ್ ಯೋಶಿನೋರಿ ನೋರಿಟಾಕೆ. 2010ರ ಜನವರಿ ಆಟೋ ಎಕ್ಸ್‌ಪೋದಲ್ಲಿ ತೋರಿಸಿದ್ರು, ಅದೇ ಡಿಸೆಂಬರ್‌ನಲ್ಲಿ ಮಾರಾಟಕ್ಕೆ ಬಿಟ್ರು, ಶುರು ಬೆಲೆ ಎಕ್ಸ್-ಶೋರೂಂ 4.96 ಲಕ್ಷ. ಇದಕ್ಕೋಸ್ಕರಾನೇ ಬಿಡದಿಯಲ್ಲಿ ಎರಡನೇ ಪ್ಲಾಂಟ್ ಎದ್ದಿತು. 2011ರ ಜೂನ್‌ನಲ್ಲಿ ಹ್ಯಾಚ್‌ಬ್ಯಾಕ್ ಲಿವಾ, ಆಮೇಲೆ ಸೆಪ್ಟೆಂಬರ್‌ನಲ್ಲಿ ಡೀಸೆಲ್. ಬಿಡದಿಯಿಂದ ದಕ್ಷಿಣ ಆಫ್ರಿಕಾಕ್ಕೂ ಹಡಗಲ್ಲಿ ಹೋಯ್ತು, ಬ್ರೆಜಿಲ್‌ನಲ್ಲಿ, ಇಂಡೊನೇಷ್ಯಾದಲ್ಲಿ ಅಲ್ಲಲ್ಲೇ ತಯಾರಿಸಿದ್ರು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಅನ್ನೋ ಹೊಗೆ ನಿಯಮ ಬಂದಾಗ ಎಂಜಿನ್‌ಗಳನ್ನ ಅದಕ್ಕೆ ಹೊಂದಿಸೋ ಗೋಜಿಗೆ ಹೋಗದೆ ಇಲ್ಲಿ ನಿಲ್ಲಿಸಿಬಿಟ್ರು. ಅಂದ್ರೆ ನಿಮಗೆ ಸಿಗೋ ಅತಿ ಹೊಸ ಎಟಿಯೋಸ್ ಕೂಡ 2020ರದ್ದೇ.

ಕ್ಯಾಲೆಂಡರ್ ಯಾಕೆ ಮುಖ್ಯ ಅಂದ್ರೆ ಪ್ರೈವೇಟ್ ಕಾರಿನ ಆರ್‌ಸಿ 15 ವರ್ಷ. ಮೊದಮೊದಲು ರೋಡಿಗಿಳಿದ ಗಾಡಿಗಳ ಆ ಅವಧಿ 2025ರ ಕೊನೇಲೇ ಮುಗಿಯೋಕೆ ಶುರುವಾಗಿದೆ. 2011ರ ಗಾಡಿ ಚೀಪಾಗಿ ಸಿಕ್ತು ಅಂತ ಕುಣಿಯೋಕೆ ಮುಂಚೆ ಎಫ್‌ಸಿ ಮಾಡಿಸಿ ಐದು ವರ್ಷಕ್ಕೆ ರಿನ್ಯೂ ಮಾಡಿಸಿರೋದಾ, ಇಲ್ಲ ಆ ಓಡಾಟ ನಿಮ್ಮ ತಲೆಗೆ ಬರುತ್ತಾ ಅಂತ ಆರ್‌ಸಿ ನೋಡಿ.

ಆಮೇಲೆ ನಂಬರ್‌ಗಳನ್ನ ಓದಿ, ಆದ್ರೆ ಒಂಟಿಯಾಗಿ ಓದಬೇಡಿ

ಪೆಟ್ರೋಲ್ ಎಂಜಿನ್ 1496 ಸಿಸಿ, ಪವರ್ 90 ಪಿಎಸ್, ಟಾರ್ಕ್ ಅಂದ್ರೆ ಎಳೆಯೋ ಶಕ್ತಿ 132 ಎನ್ಎಂ, ಅದು 3000 ಆರ್‌ಪಿಎಂಗೇ ಸಿಗುತ್ತೆ. ಡೀಸೆಲ್ 1364 ಸಿಸಿ, 68 ಪಿಎಸ್, ಟಾರ್ಕ್ 170 ಎನ್ಎಂ, 1800ರಿಂದ 2400 ಆರ್‌ಪಿಎಂ ಒಳಗೆ. ಎರಡಕ್ಕೂ ಐದು ಗೇರ್ ಮ್ಯಾನುಯಲ್, ಆಟೋಮ್ಯಾಟಿಕ್ ಇಲ್ಲಿ ಕೊಡಲೇ ಇಲ್ಲ, ಯಾರಾದ್ರೂ ಎಟಿಯೋಸ್ ಆಟೋಮ್ಯಾಟಿಕ್ ಇದೆ ಬನ್ನಿ ಅಂದ್ರೆ ಹೋಗಬೇಡಿ.

68 ಪಿಎಸ್ ಅಂತ ಓದಿದ ತಕ್ಷಣ ಮೂಗು ಮುರಿಯೋರು ಜಾಸ್ತಿ. ಅಲ್ಲೇ ಎಡವೋದು. ಪೇಪರ್ ಮೇಲೆ ಪವರ್ ನೋಡಿದ ಹಾಗೇ ಪಕ್ಕದಲ್ಲಿ ತೂಕಾನೂ ನೋಡಬೇಕು. ಪೆಟ್ರೋಲ್ ಎಟಿಯೋಸ್ ಖಾಲಿ ಇದ್ದಾಗ 900 ಕೆಜಿ ಚಿಲ್ಲರೆ, ಈ ಸೈಜಿನ ಸೆಡಾನ್‌ಗೆ ಅದು ಕಮ್ಮಿ, ಡೀಸೆಲ್ ಒಂದು ಟನ್ ಆಸುಪಾಸು. ಹಗುರ ಬಾಡಿಗೆ ಒಂದೂವರೆ ಲೀಟರ್ ಎಂಜಿನ್ ಇಟ್ರೆ ಏನಾಗುತ್ತೆ ಅಂದ್ರೆ ಊರೊಳಗೆ ಎರಡನೇ ಗೇರಲ್ಲೇ ಹಂಪ್ ದಾಟ್ಕೊಂಡು, ಮೂರನೇ ಗೇರಲ್ಲಿ ಟ್ರಾಫಿಕ್ ಜೊತೆ ನಡ್ಕೊಂಡು ಹೋಗಬಹುದು, ಪದೇ ಪದೇ ಗೇರ್ ಇಳಿಸೋ ಕಾಟ ಇಲ್ಲ. ಡೀಸೆಲ್‌ಗೆ ಟಾರ್ಕ್ ಕೆಳಗೇ ಸಿಗೋದ್ರಿಂದ ಸಿಟಿಗೆ ಸಾಕು, ಹೈವೇನಲ್ಲಿ 80-90ರಲ್ಲಿ ದಿನವಿಡೀ ಓಡುತ್ತೆ. ಆದ್ರೆ ಐದು ಜನ, ಎಸಿ, ತುಂಬಿದ ಡಿಕ್ಕಿ ಇಟ್ಕೊಂಡು ಚಾರ್ಮಾಡಿ ಘಾಟ್‌ನಲ್ಲಿ ಓವರ್‌ಟೇಕ್ ಮಾಡ್ತೀನಿ ಅಂದ್ರೆ ಅದಕ್ಕೆ ಈ ಗಾಡಿ ಅಲ್ಲ, ಸುಮ್ಮನೆ ಲಾರಿ ಹಿಂದೆ ಬನ್ನಿ.

ಕಂಪನಿ ಹೇಳಿದ ಮೈಲೇಜ್ ಪೆಟ್ರೋಲ್‌ಗೆ ಲೀಟರ್‌ಗೆ 17.6 ಕಿ.ಮೀ., ಡೀಸೆಲ್‌ಗೆ 23.59. ಇದು ಟೆಸ್ಟ್ ಲ್ಯಾಬ್ ಲೆಕ್ಕ, ಸಿಲ್ಕ್ ಬೋರ್ಡ್ ಲೆಕ್ಕ ಅಲ್ಲ. ಟ್ಯಾಂಕ್ 45 ಲೀಟರ್. ಎರಡೂ ಎಂಜಿನ್‌ಗೆ ಟೈಮಿಂಗ್ ಬೆಲ್ಟ್ ಬದಲು ಚೈನ್ ಇದೆ, ಇದು ಸೆಕೆಂಡ್ ಹ್ಯಾಂಡ್ ಕೊಳ್ಳೋರಿಗೆ ದೊಡ್ಡ ಸಮಾಧಾನ, ಯಾಕಂದ್ರೆ ಬೆಲ್ಟ್ ಗಾಡಿಯಾದ್ರೆ ಹಳೇ ಓನರ್ ಅದನ್ನ ಟೈಮಿಗೆ ಬದಲಾಯಿಸಿದ್ರಾ ಇಲ್ವಾ ಅನ್ನೋ ಚಿಂತೆ ನಮ್ಮ ತಲೆಗೆ ಬರುತ್ತೆ. ಚೈನ್ ಅಂತ ಮರೆತುಬಿಡೋ ಹಾಗೂ ಇಲ್ಲ, ಆಯಿಲ್ ಸರಿಯಾಗಿ ಬದಲಾಯಿಸದೇ ಇದ್ರೆ ಅದೂ ಸವೆಯುತ್ತೆ.

ಈಗ ನನಗೆ ಈ ಗಾಡಿಯಲ್ಲಿ ತುಂಬಾ ಇಷ್ಟವಾದ ನಂಬರ್‌ಗೆ ಬರೋಣ. ಉದ್ದ 4265 ಮಿ.ಮೀ., ವೀಲ್‌ಬೇಸ್ 2550, ಡಿಕ್ಕಿ 595 ಲೀಟರ್. ಆ ಕಾಲದಲ್ಲಿ 4 ಮೀಟರ್ ಒಳಗಿದ್ದು ಎಂಜಿನ್ ಚಿಕ್ಕದಿದ್ರೆ ಸರ್ಕಾರ ಎಕ್ಸೈಸ್ ಸುಂಕ ಕಮ್ಮಿ ಹಾಕ್ತಿತ್ತು. ಅದಕ್ಕೇ 2012ರಲ್ಲಿ ಬಂದ ಹೊಸ ಮಾರುತಿ ಡಿಜೈರ್ ಬಾಲ ಕತ್ತರಿಸಿಕೊಂಡು 4 ಮೀಟರ್ ಒಳಗೆ ಬಂತು, ಡಿಕ್ಕಿ 316 ಲೀಟರ್‌ಗೆ ಇಳೀತು. ಎಟಿಯೋಸ್ ಹಾಗೆ ಮಾಡಲಿಲ್ಲ. ಸುಂಕ ಹೆಚ್ಚು ಕೊಟ್ಟು ಆ ದುಡ್ಡನ್ನ ಬೇರೆ ಕಡೆ ಉಳಿಸೋಕೆ ನೋಡಿದ್ರು: ಮುಂದೆ ಒಂದೇ ವೈಪರ್, ತೆಳ್ಳಗಿನ ಪ್ಲಾಸ್ಟಿಕ್, ಬಾಗಿಲು ಮುಚ್ಚಿದ್ರೆ ಡಬ್ಬ ಮುಚ್ಚಿದ ಸದ್ದು, ಮೀಟರ್ ಡ್ಯಾಶ್‌ಬೋರ್ಡ್ ನಡುವೆ. ಮೀಟರ್ ನಡುವೆ ಇದ್ರೆ ಎಡಗಡೆ ಸ್ಟೀರಿಂಗ್ ಇರೋ ದೇಶಕ್ಕೂ ಬಲಗಡೆ ಇರೋ ದೇಶಕ್ಕೂ ಅದೇ ಜಾಗ ನಡೆಯುತ್ತೆ. ಶೋರೂಂಗೆ ಬಂದ ಜನ ಟೊಯೋಟಾ ಅಂದ್ರೆ ಹೀಗಾ ಅಂತ ಮುಖ ಸಿಂಡರಿಸಿದ್ರು, ನಿಜ. ಆದ್ರೆ ಇವತ್ತು ಹತ್ತು ವರ್ಷ ಹಳೇ ಗಾಡಿ ಕೊಳ್ಳೋರಿಗೆ ಆ ಲೆಕ್ಕ ಲಾಭವೇ, ಕೆಟ್ಟುಹೋಗೋ ಫ್ಯಾನ್ಸಿ ಐಟಂ ಕಮ್ಮಿ, ಜಾಗ ಜಾಸ್ತಿ. ಹಿಂದಿನ ಸೀಟ್ ಕೆಳಗೆ ನೆಲ ಹೆಚ್ಚುಕಮ್ಮಿ ಸಮತಟ್ಟು, ಹಾಗಾಗಿ ನಡುವೆ ಕೂತೋರಿಗೂ ಕಾಲಿಡೋಕೆ ಜಾಗ ಇದೆ. ಗ್ರೌಂಡ್ ಕ್ಲಿಯರೆನ್ಸ್ 170 ಮಿ.ಮೀ., ಟರ್ನಿಂಗ್ ರೇಡಿಯಸ್ 4.9 ಮೀಟರ್, ಗಲ್ಲಿಯಲ್ಲಿ ತಿರುಗಿಸೋಕೆ ಸುಲಭ.

ಯಾವ ವರ್ಷ, ಯಾವ ವೇರಿಯಂಟ್

ಪೆಟ್ರೋಲ್‌ನಲ್ಲಿ ಜೆ, ಜಿ, ವಿ, ವಿಎಕ್ಸ್, ಡೀಸೆಲ್ ಆದ್ರೆ ಹಿಂದೆ ಒಂದು ಡಿ ಸೇರುತ್ತೆ. ಆಡಿಯೋ, ಅಲಾಯ್ ಇವೆಲ್ಲ ಹೊರಗಡೆ ಹಾಕಿಸಬಹುದು, ಅದರ ಬಗ್ಗೆ ತಲೆ ಕೆಡಿಸ್ಕೋಬೇಡಿ. ಏರ್‌ಬ್ಯಾಗ್, ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದ್ರೂ ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳೋದು) ಹೊರಗಡೆ ಹಾಕಿಸೋಕಾಗಲ್ಲ. ಶುರುವಿನ ಕೆಳಗಿನ ವೇರಿಯಂಟ್‌ಗಳಲ್ಲಿ ಅವೆರಡೂ ಇರ್ಲಿಲ್ಲ. 2015ರಲ್ಲಿ ಎಲ್ಲ ವೇರಿಯಂಟ್‌ಗೂ ಮುಂದೆ ಎರಡು ಏರ್‌ಬ್ಯಾಗ್ ಬಂತು, 2016ರ ಸೆಪ್ಟೆಂಬರ್‌ನಲ್ಲಿ ಬಂದ ಪ್ಲಾಟಿನಂ ಎಟಿಯೋಸ್‌ನಲ್ಲಿ ಎಬಿಎಸ್ ಕೂಡ ಎಲ್ಲದಕ್ಕೂ ಸೇರಿತು. ಎರಡು ಏರ್‌ಬ್ಯಾಗ್ ಇರೋ ಎಟಿಯೋಸ್‌ಗೆ ಕಾರುಗಳ ಕ್ರ್ಯಾಶ್ ಟೆಸ್ಟ್ ಮಾಡೋ ಗ್ಲೋಬಲ್ ಎನ್‌ಕ್ಯಾಪ್ ಅದೇ 2016ರಲ್ಲಿ ದೊಡ್ಡವರ ರಕ್ಷಣೆಗೆ 4 ಸ್ಟಾರ್ ಕೊಟ್ಟಿತ್ತು, ಆ ರೇಂಜಿನ ಗಾಡಿಗಳು ಸೊನ್ನೆ ತಗೋತಿದ್ದ ಕಾಲ ಅದು. ಮನೆಯವರನ್ನ ಕೂರಿಸ್ಕೊಂಡು ಓಡಾಡೋಕೆ ಅಂದ್ರೆ ನನ್ನ ಮಾತು ಇಷ್ಟೇ, ಸ್ವಲ್ಪ ಜಾಸ್ತಿ ದುಡ್ಡಾದ್ರೂ ಪ್ಲಾಟಿನಂ ನೋಡಿ. ಸಿಗಲಿಲ್ಲ ಅಂದ್ರೆ ಹಳೇ ವಿಎಕ್ಸ್. ಏರ್‌ಬ್ಯಾಗ್ ಇಲ್ಲದ ಜೆ ಅಥವಾ ಜಿಡಿ ಎಷ್ಟೇ ಚೀಪಾಗಿ ಬಂದ್ರೂ ಬೇಡ.

ಪೆಟ್ರೋಲಾ ಡೀಸೆಲಾ ಅನ್ನೋದಕ್ಕೆ ದಿನಾ ದೂರ ಓಡಿಸೋರು ಬಿಟ್ಟು ಉಳಿದವರಿಗೆಲ್ಲ ಪೆಟ್ರೋಲೇ ಸರಿ. ಟ್ಯಾಕ್ಸಿಗೆ ಹೋಗಿದ್ದು ಹೆಚ್ಚಾಗಿ ಡೀಸೆಲ್, ಹಾಗಾಗಿ ಪೆಟ್ರೋಲ್ ಹುಡುಕಿದ್ರೆ ಮನೆ ಗಾಡಿ ಸಿಗೋ ಛಾನ್ಸೂ ಜಾಸ್ತಿ. ಒಂದು ಮಾತು, ಈಗ ಬಂಕ್‌ನಲ್ಲಿ ಸಿಗ್ತಿರೋದು ಇ20, ಅಂದ್ರೆ 20% ಎಥನಾಲ್ ಬೆರೆಸಿದ ಪೆಟ್ರೋಲ್, ಇಲ್ಲಿನ ಎಟಿಯೋಸ್ ಅದಕ್ಕಿಂತ ಮುಂಚಿನ ಕಾಲದ್ದು. ಬ್ರೆಜಿಲ್‌ನಲ್ಲಿ ಎಟಿಯೋಸ್ ಎಥನಾಲ್ ಮೇಲೇ ಓಡ್ತಿತ್ತು ಸಾರ್ ಅಂತ ಬ್ರೋಕರ್ ಹೇಳಬಹುದು. ಅದು ಫ್ಲೆಕ್ಸ್ ಫ್ಯೂಯಲ್‌ಗೆ ಅಂತಾನೇ ಮಾಡಿದ ಎಂಜಿನ್, ನಮ್ಮದಲ್ಲ. ಫ್ಯೂಯಲ್ ಪೈಪು, ರಬ್ಬರ್ ಸೀಲು ಬಿರುಕು ಬಿಟ್ಟಿದೆಯಾ ಅಂತ ಸರ್ವೀಸ್‌ನಲ್ಲಿ ನೋಡಿಸ್ತಾ ಇರಿ.

ಟ್ಯಾಕ್ಸಿಯಾಗಿತ್ತಾ ಅಂತ ಕಂಡುಹಿಡಿಯೋದು

ಹಳದಿ ಬೋರ್ಡ್ ಗಾಡಿನ ಆರ್‌ಟಿಓದಲ್ಲಿ ಟ್ಯಾಕ್ಸ್ ಕಟ್ಟಿ ಬಿಳಿ ಬೋರ್ಡ್ ಮಾಡಿಸೋದು ಕಾನೂನು ಪ್ರಕಾರ ತಪ್ಪಲ್ಲ. ಮುಚ್ಚಿಟ್ಟು ಮಾರೋದು ತಪ್ಪು. ಮೊದಲು ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ವೆಹಿಕಲ್ ಕ್ಲಾಸ್, ಎಷ್ಟನೇ ಓನರ್, ಇನ್ಶೂರೆನ್ಸ್ ನೋಡಿ. ಮೋಟಾರ್ ಕ್ಯಾಬ್ ಅಂತಿದ್ರೆ ಮಾತೇ ಇಲ್ಲ, ಅದು ಟ್ಯಾಕ್ಸಿ. ಚಾಸಿ ನಂಬರ್ ಬಿಡದಿ ಗಾಡಿಗೆ ಎಂಬಿಜೆ ಅಂತ ಶುರುವಾಗುತ್ತೆ, ಆರ್‌ಸಿಯಲ್ಲಿರೋದೂ ಗಾಡಿ ಮೇಲೆ ಕೊರೆದಿರೋದೂ ಒಂದೇನಾ ಅಂತ ಅಕ್ಷರ ಅಕ್ಷರ ಹೋಲಿಸಿ.

ಆಮೇಲೆ ಗಾಡಿ ಹತ್ರ ಬಗ್ಗಿ ನೋಡಿ. ಬಂಪರ್ ಮೇಲೆ ರಿಫ್ಲೆಕ್ಟರ್ ಟೇಪ್ ಕಿತ್ತ ಅಂಟು, ಹಿಂದಿನ ಗ್ಲಾಸಲ್ಲಿ ಸ್ಟಿಕ್ಕರ್ ಕೆರೆದ ಗುರುತು, ಡ್ಯಾಶ್‌ಬೋರ್ಡ್ ಮೇಲೆ ಮೊಬೈಲ್ ಸ್ಟ್ಯಾಂಡ್ ಸ್ಕ್ರೂ ತೂತು, ಹಿಂದಿನ ಸೀಟ್ ಹತ್ರ ಪ್ಯಾನಿಕ್ ಬಟನ್ ಇದ್ದ ಜಾಗ, ಬಾನೆಟ್ ಒಳಗೆ ಸ್ಪೀಡ್ ಗವರ್ನರ್ ವೈರ್ ಕತ್ತರಿಸಿ ಟೇಪ್ ಸುತ್ತಿರೋದು. ಮೀಟರ್ 60 ಸಾವಿರ ಅಂತ ತೋರಿಸ್ತಾ ಇದ್ದು ಕ್ಲಚ್ ಪೆಡಲ್ ರಬ್ಬರ್ ನುಣ್ಣಗಾಗಿದ್ರೆ, ಸ್ಟೀರಿಂಗ್ ಮಿರಮಿರ ಮಿಂಚ್ತಿದ್ರೆ, ಡ್ರೈವರ್ ಸೀಟಿನ ಬಲಗಡೆ ಅಂಚು ಕುಸಿದಿದ್ರೆ ಆ ಮೀಟರ್ ನಂಬಬೇಡಿ. ಆಥರೈಸ್ಡ್ ಸರ್ವೀಸ್ ಸೆಂಟರ್‌ನ ಹಿಸ್ಟರಿ ತೋರ್ಸಿ ಅಂತ ಓನರ್‌ನ ಕೇಳಿ, ಒಂದೊಂದು ಸರ್ವೀಸ್‌ಗೂ ಕಿಲೋಮೀಟರ್ ಬರೆದಿರ್ತಾರೆ. ಕೊಡೋಕೆ ಹಿಂದೆ ಮುಂದೆ ನೋಡಿದ್ರೆ ಅಲ್ಲೇ ಉತ್ತರ ಸಿಕ್ಕಿತು.

ಓಡಿಸಿ ನೋಡೋವಾಗ

ಬೆಳಗ್ಗೆ ತಣ್ಣಗಿರೋವಾಗ್ಲೇ ಹೋಗಿ, ನಾನು ಬರೋ ಮುಂಚೆ ಸ್ಟಾರ್ಟ್ ಮಾಡಬೇಡಿ ಅಂತ ಫೋನಲ್ಲೇ ಹೇಳಿಬಿಡಿ. ಬಾನೆಟ್ ಮುಟ್ಟಿದ್ರೆ ಬೆಚ್ಚಗಿದ್ರೆ ಯಾಕೆ ಅಂತ ಕೇಳಿ. ಕೂಲಂಟ್ ಡಬ್ಬಿ ನೋಡಿ, ಟೊಯೋಟಾದ್ದು ಗುಲಾಬಿ ಬಣ್ಣ, ಬರೀ ನೀರು ಅಥವಾ ತುಕ್ಕಿನ ಬಣ್ಣ ಇದ್ರೆ ಗಾಡಿ ನೋಡಿಕೊಂಡಿಲ್ಲ ಅಂತ ಅರ್ಥ. ಡೀಸೆಲ್ ಆದ್ರೆ ಎಂಜಿನ್ ಓಡ್ತಿರೋವಾಗ ಆಯಿಲ್ ಕ್ಯಾಪ್ ಹುಷಾರಾಗಿ ಸಡಿಲ ಮಾಡಿ, ಹೊಗೆ ಭುಸುಭುಸು ಅಂತ ಬಂದ್ರೆ ಎಂಜಿನ್ ಸವೆದಿದೆ. ಐಡಲ್‌ನಲ್ಲಿ ಡೀಸೆಲ್ ಸ್ವಲ್ಪ ನಡುಗೋದು ಇದ್ದಿದ್ದೇ, ಆದ್ರೆ ಗೇರ್ ಲಿವರ್ ಕುಣಿದಾಡ್ತಿದ್ರೆ ಎಂಜಿನ್ ಮೌಂಟಿಂಗ್ ಹೋಗಿರುತ್ತೆ.

ಕ್ಲಚ್‌ಗೆ ಸುಲಭ ಟೆಸ್ಟ್ ಇದೆ, ಏರು ರಸ್ತೇಲಿ ಮೂರನೇ ಗೇರಲ್ಲಿ ನಿಧಾನ ಹೋಗ್ತಾ ಆಕ್ಸಿಲರೇಟರ್ ಒತ್ತಿ, ಎಂಜಿನ್ ಕೂಗು ಏರಿ ಸ್ಪೀಡ್ ಏರದೇ ಇದ್ರೆ ಕ್ಲಚ್ ಪ್ಲೇಟ್ ಮುಗೀತು, ಆ ದುಡ್ಡನ್ನ ರೇಟಲ್ಲಿ ಕಳೀರಿ. ಕಿಟಕಿ ಇಳಿಸಿ, ಮ್ಯೂಸಿಕ್ ಆಫ್ ಮಾಡಿ ಗುಂಡಿ ರಸ್ತೇಲಿ ಓಡಿಸಿ. ಮುಂದೆ ಟಕ್ ಟಕ್ ಬಂದ್ರೆ ಲಿಂಕ್ ರಾಡ್, ಬುಷ್, ಸ್ಟೀರಿಂಗ್ ರ್‍ಯಾಕ್ ಮೂರರಲ್ಲಿ ಒಂದು. ಮೊದಲೆರಡು ಚಿಕ್ಕ ಖರ್ಚು, ರ್‍ಯಾಕ್ ದೊಡ್ಡದು, ಅದಕ್ಕೇ ಕೊಳ್ಳೋ ಮುಂಚೆ ಲಿಫ್ಟ್ ಮೇಲೆ ಎತ್ತಿಸಿ ಯಾವುದು ಅಂತ ಮೆಕ್ಯಾನಿಕ್ ಹತ್ರ ಹೇಳಿಸಿ. ಎಸಿ ಈ ಗಾಡಿಯ ಹೆಮ್ಮೆ, ಕಲಬುರಗಿ ಬಿಸಿಲಲ್ಲೂ ಹಿಂದಿನ ಸೀಟ್‌ವರೆಗೆ ತಣ್ಣಗೆ ಮಾಡೋಷ್ಟು ದಮ್ಮಿದೆ, ಐದು ನಿಮಿಷದಲ್ಲಿ ತಣ್ಣಗಾಗಲಿಲ್ಲ ಅಂದ್ರೆ ಏನೋ ತೊಂದರೆ ಇದೆ. ಬಿಡಿಭಾಗದ ಭಯ ಬೇಡ, ಬೆಂಗಳೂರಿನ ಜೆ.ಸಿ. ರೋಡಲ್ಲಿ ಕೇಳಿದ್ರೆ ಸಿಗುತ್ತೆ, ಟ್ಯಾಕ್ಸಿಗಳು ಅಷ್ಟೊಂದು ಓಡಿದ್ದರ ಪುಣ್ಯ ಅದು.

ಕೊನೆಗೆ ಕಾಗದ

ಹೆಸರು ಬದಲಾಯಿಸೋಕೆ ಫಾರ್ಮ್ 29, 30 ಸೈನ್ ಮಾಡಿ ಆರ್‌ಟಿಓಗೆ ಕೊಡಬೇಕು. ಲೋನ್ ಇದ್ದ ಗಾಡಿಯಾದ್ರೆ ಬ್ಯಾಂಕಿನ ಎನ್‌ಓಸಿ ಜೊತೆ ಫಾರ್ಮ್ 35, ಇಲ್ಲಾಂದ್ರೆ ಆರ್‌ಸಿಯಲ್ಲಿ ಬ್ಯಾಂಕ್ ಹೆಸರು ಹಾಗೇ ಕೂತಿರುತ್ತೆ. ಡೆಲ್ಲಿ ಕಡೆ 10 ವರ್ಷ ದಾಟಿದ ಡೀಸೆಲ್ ಓಡಿಸೋಕೆ ನಿರ್ಬಂಧ ಹಾಕಿದ್ದರಿಂದ ಅಲ್ಲಿನ ಗಾಡಿಗಳು ಕಮ್ಮಿ ರೇಟಿಗೆ ಇಲ್ಲಿಗೆ ಬಂದಿವೆ, ಅಂಥದಕ್ಕೆ ಫಾರ್ಮ್ 28ರ ಎನ್‌ಓಸಿ ಬೇಕು, ಇಲ್ಲಿ ರಿಜಿಸ್ಟರ್ ಮಾಡಿಸಿ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು, ಅದನ್ನೆಲ್ಲ ಕೂಡಿದ್ರೆ ಚೀಪು ಅನ್ನಿಸಿದ್ದು ಚೀಪಾಗಿ ಉಳಿಯಲ್ಲ. ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸೋಕೆ 14 ದಿನದೊಳಗೆ ಅರ್ಜಿ ಹಾಕಿ, ತಡ ಮಾಡಿದ್ರೆ ನಿಮ್ಮ ಗಾಡಿಗಾದ ಡ್ಯಾಮೇಜ್ ಕ್ಲೈಮ್ ಕಷ್ಟ ಆಗುತ್ತೆ. ಬಾಕಿ ಟ್ರಾಫಿಕ್ ಫೈನ್ ಎಷ್ಟಿದೆ ನೋಡಿ ಹಳೇ ಓನರ್ ಕೈಲೇ ಕಟ್ಟಿಸಿ, ಹಳೇ ಫಾಸ್ಟ್‌ಟ್ಯಾಗ್ ಕ್ಲೋಸ್ ಮಾಡಿಸಿ, ಪೂರ್ತಿ ದುಡ್ಡನ್ನ ಇವೆಲ್ಲ ಆದ ಮೇಲೇ ಕೊಡಿ.