ಚಿಮಣಿ ಎಣ್ಣೆ, ಬೈಕಿನ ಕಾಯಿಲ್

ಎಣ್ಣೆಯ ಆವಿ ಎಷ್ಟು ಡಿಗ್ರಿಗೆ ಫಕ್ಕನೆ ಹೊತ್ತುತ್ತದೆ, ಅಂದರೆ ಫ್ಲಾಶ್ ಕೊಡುತ್ತದೆ, ಅಂತ ಪುಟ್ಟ ಜ್ವಾಲೆ ತೋರಿಸಿ ನೋಡುವ ಮುಚ್ಚಳದ ಬಟ್ಟಲು ಅಬೆಲ್ ಕಪ್ಪು. ಆಕ್ಸಿಜನ್ ಕಡಿಮೆಯಾದರೆ ಆ ಡಿಗ್ರಿ ಎಷ್ಟಾಗುತ್ತದೆ ಅಂತ ನೋಡಲು ಅದಕ್ಕೆ ನೈಟ್ರೋಜನ್ ಬಿಟ್ಟರೆ ಮೊದಲು ಆರುವುದು ಟೆಸ್ಟ್ ಜ್ವಾಲೆಯೇ. ಹುಬ್ಬಳ್ಳಿ ತಾರಿಹಾಳದ ನಮ್ಮ ಥಿನ್ನರ್ ಲ್ಯಾಬಿನಲ್ಲಿ ಎರಡು ತಿಂಗಳು ಇದರಲ್ಲೇ ಹೋಯಿತು. "ದೀಪಾನ ನಿಲ್ಲಂಗಿಲ್ಲ, ಫ್ಲಾಶ್ ಎಲ್ಲಿಂದ ನೋಡ್ತೀರಿ? ಸುಮ್ನ ಬಿಡ್ರಿ" ಅಂದರು ನಮ್ಮ ಹಿರಿಯ ಕೆಮಿಸ್ಟ್. ಜ್ವಾಲೆಯ ಬದಲು ಕಿಡಿ ಕೊಡೋಣ ಅಂತ ಗುಜರಿಯಿಂದ ಬೈಕಿನ ಕಾಯಿಲ್, ಪ್ಲಗ್ ತಂದೆ, ಮುನ್ನೂರೈವತ್ತು ರೂಪಾಯಿ. ಮುಚ್ಚಳದ ಕಿಂಡಿಯಲ್ಲಿ ಪ್ಲಗ್ಗಿನ ಮೂತಿ ಇಳಿಬಿಟ್ಟೆ. ಎಣ್ಣೆಯಿಂದ ಎಷ್ಟು ಎತ್ತರಕ್ಕೆ ಅನ್ನೋದು ನನ್ನ ಹತ್ತಿರವೇ ಇರಲಿ, ಹದಿನೈದು ದಿನ ಕೂತು ಹುಡುಕಿದ್ದು.

ಕಿಡಿ ಬಂತು, ಹೊಸ ತಾಪತ್ರಯವೂ ಬಂತು. ಗಾಳಿಯಲ್ಲಿ 42 ಡಿಗ್ರಿಗೆ ಫ್ಲಾಶ್ ಕೊಡುವ ಚಿಮಣಿ ಎಣ್ಣೆ (ಸೀಮೆಎಣ್ಣೆ), ಗ್ಯಾಸ್ ಹರಿಯುತ್ತಿದ್ದಾಗ 50 ದಾಟಿದರೂ ಮಿಸುಕಲಿಲ್ಲ. ಗೆದ್ದೆ ಅಂದುಕೊಂಡು ಎಲ್ಲರಿಗೂ ಚಹಾ ಕೊಡಿಸಿದೆ. ನೋಡಿದರೆ ಹುಟ್ಟಿದ ಆವಿಯನ್ನೆಲ್ಲ ಗ್ಯಾಸೇ ಗುಡಿಸಿಕೊಂಡು ಹೋಗುತ್ತಿತ್ತು! ಆಮೇಲೆ ಎಣ್ಣೆ ತಣ್ಣಗಿರುವಾಗಲೇ ಗ್ಯಾಸ್ ತುಂಬಿ, ಆಕ್ಸಿಜನ್ ಮೀಟರ್ ನೋಡಿ, ಕೂದಲೆಳೆಯಷ್ಟು ಬಾಯಿ ಬಿಟ್ಟು ಕಾಯಿಸತೊಡಗಿದೆ. ಏಪ್ರಿಲ್‌ನಲ್ಲಿ ಕೋಣೆಯೇ 37 ಡಿಗ್ರಿ. ಎಣ್ಣೆ ತಣ್ಣಗಿಡಲು ಐಸಿಗೇ ದಿನಕ್ಕೆ ನೂರು ರೂಪಾಯಿ.

ನೈಟ್ರೋಜನ್ ಬೆರೆಸಿ ಆಕ್ಸಿಜನ್ ಶೇಕಡಾ 15ಕ್ಕೆ ಇಳಿಸಿದಾಗ ಫ್ಲಾಶ್ ಹೆಚ್ಚುಕಮ್ಮಿ 43 ಡಿಗ್ರಿ. 12ರಲ್ಲಿ 47-48, ಅದೂ ಒಮ್ಮೆ ಹತ್ತಿದರೆ ಒಮ್ಮೆ ಇಲ್ಲ. 11ಕ್ಕೆ ಇಳಿಸಿ 65 ಡಿಗ್ರಿಯವರೆಗೆ ಕಾಯಿಸಿದೆ, ಕಿಡಿ ಮಾತ್ರ ಚಟಚಟ, ಫ್ಲಾಶ್ ಇಲ್ಲ. ಸೋಡಾ ಅಂಗಡಿಯ ಗ್ಯಾಸನ್ನೂ ಬಿಡಲಿಲ್ಲ. ಕಾರ್ಬನ್ ಡೈಆಕ್ಸೈಡ್ ಶಾಖ ಹೆಚ್ಚು ನುಂಗುತ್ತದಲ್ಲ, ಆಕ್ಸಿಜನ್ 14 ಇರುವಾಗಲೇ ಆಟ ಮುಗಿಸಿತು.

ನಡುವೆ ಮುಂಬೈ ಲ್ಯಾಬಿನ ರಿಪೋರ್ಟಿಗೂ ನಮ್ಮ ಲೆಕ್ಕಕ್ಕೂ ತಾಳೆಯಾಗದೆ ಫೋನಿನಲ್ಲಿ ಜಗಳ. ತಪ್ಪು ನನ್ನದೇ. ನಮ್ಮೂರಿನ ಗಾಳಿಯ ಒತ್ತಡ 705 ಮಿ.ಮೀ. ಆಸುಪಾಸು, ಮುಂಬೈಗಿಂತ ಕಡಿಮೆ. ಹಾಗಾಗಿ ಇಲ್ಲಿ ಫ್ಲಾಶ್ ಬೇಗ ಬರುತ್ತದೆ, ಎರಡು ಡಿಗ್ರಿ ಕೂಡಿಸಬೇಕಿತ್ತು, ಮರೆತಿದ್ದೆ. ಮೇಲೆ ಕೊಟ್ಟ ಫ್ಲಾಶ್ ಅಂಕಿಗಳೆಲ್ಲ ಹಾಗೆ ಕೂಡಿಸಿದ ನಂತರದವು.

ಕಪ್ಪಿಗೆ ಆಕ್ಸಿಜನ್ನನ್ನೇ ತುಂಬಿದರೆ ಇಪ್ಪತ್ತು ಡಿಗ್ರಿಗೇ ಹೊತ್ತಿಕೊಳ್ಳುತ್ತದೆ ಅಂತ ಎಲ್ಲರೂ ಹೆದರಿಸಿದ್ದರು. ಬಂದದ್ದು 41. ಹೊತ್ತಲು ಬೇಕಾದ ಕನಿಷ್ಠ ಆವಿಗೆ ಗಾಳಿಯಲ್ಲಿರುವ ಆಕ್ಸಿಜನ್ನೇ ಧಾರಾಳ, ಇನ್ನಷ್ಟು ಸುರಿದರೆ ಅದೇನು ಕೆಳಗಿಳಿಯುತ್ತದೆ? ಆದರೆ ಮೊದಲ ಸಲ ಗಡಿಬಿಡಿಯಲ್ಲಿ 45ಕ್ಕೆ ಕಿಡಿ ಕೊಟ್ಟೆ. ಗಾಳಿಯಲ್ಲಿ ಸರ್ರನೆ ಓಡಿ ಆರುವ ನೀಲಿ ಜ್ವಾಲೆ ಇಲ್ಲಿ ಢಬ್ ಅಂದು ಮುಚ್ಚಳ ಎಗರಿಸಿತು. ಥರ್ಮಾಮೀಟರ್ ಚೂರುಚೂರು, ಸಾವಿರದ ಇನ್ನೂರು ಹೋಯಿತು. ದಪ್ಪ ಅಕ್ರಿಲಿಕ್ ಹಲಗೆಯ ಹಿಂದೆ ನಿಂತಿದ್ದಕ್ಕೆ ಹುಬ್ಬು ಉಳಿದಿದೆ.

ಕಿರು ಕಪ್ಪಿನಲ್ಲಿ ಸಿಕ್ಕ ಆಕ್ಸಿಜನ್ 11ನ್ನು ನಂಬಿ ನಮ್ಮ ದೊಡ್ಡ ಟ್ಯಾಂಕ್ ನಡೆಸಲಾಗದು. ಅದರಲ್ಲಿ ಆಕ್ಸಿಜನ್ 8 ದಾಟದಂತೆ ನೈಟ್ರೋಜನ್ ಇಟ್ಟಿದ್ದೇವೆ. ಹಿರಿಯ ಕೆಮಿಸ್ಟ್ ಈಗ ಕಾಯಿಲ್ ಕೇಳುತ್ತಿದ್ದಾರೆ. ಇನ್ನೂ ಕೊಟ್ಟಿಲ್ಲ.