ನಾಯಿ ತೀರಿಕೊಂಡ ಮನೆಯಲ್ಲಿ ಮೊದಲ ಕೆಲವು ವಾರ

ಸಾಕಿದ ನಾಯಿ ಹೋದ ಮೇಲೆ ಹೆಚ್ಚು ಹಿಂಸೆಯಾಗುವುದು ಅದಕ್ಕೆ ಊಟ ಹಾಕುತ್ತಿದ್ದ, ವಾಕಿಂಗ್ ಕರೆದೊಯ್ಯುತ್ತಿದ್ದ ಹೊತ್ತಿನಲ್ಲಿ. ಆ ಹೊತ್ತನ್ನು ಖಾಲಿ ಬಿಡಬೇಡಿ. ಅದೇ ಸಮಯಕ್ಕೆ 20 ನಿಮಿಷ ನಡೆಯಿರಿ, ಆದರೆ ಬೇರೆ ದಾರಿಯಲ್ಲಿ. ತಟ್ಟೆ, ಬೆಲ್ಟು, ಹಾಸಿಗೆಯನ್ನು ಅವಸರದಲ್ಲಿ ಎಸೆದವರು ಆಮೇಲೆ ಪರಿತಪಿಸುತ್ತಾರೆ. ಡಬ್ಬಿಗೆ ಹಾಕಿ ಕಣ್ಣಿಗೆ ಬೀಳದ ಕಡೆ ಇಡಿ. ನಾಯಿಯಿಂದ ನಾಯಿಗೆ ಹರಡುವ ಪಾರ್ವೊ ಎಂಬ ವೈರಸ್ ಸೋಂಕಿನಿಂದ ಸತ್ತಿದ್ದರೆ ಮಾತ್ರ ಹಾಸಿಗೆ ಇಟ್ಟುಕೊಳ್ಳಬಾರದು, ಆ ವೈರಸ್ ತಿಂಗಳುಗಟ್ಟಲೆ ಉಳಿಯುತ್ತದೆ.

‘ಇನ್ನೂ ಮುಂಚೆ ತೋರಿಸಬೇಕಿತ್ತು’ ಎಂಬ ಕೊರಗು ಬಹಳ ದಿನ ಕಾಡುತ್ತದೆ. ನಾಯಿಗಳು ನೋವನ್ನು ತೋರಗೊಡುವುದು ಕಡಿಮೆ, ಹಾಗಾಗಿ ಎಷ್ಟೋ ಸಲ ಕಾಯಿಲೆ ಬಲಿತ ಮೇಲೆಯೇ ಗೊತ್ತಾಗುತ್ತದೆ. ಮನಸ್ಸಿನಲ್ಲಿರುವ ಪ್ರಶ್ನೆಗಳನ್ನೆಲ್ಲ ಬರೆದುಕೊಂಡು ಹೋಗಿ, ಚಿಕಿತ್ಸೆ ಕೊಟ್ಟ ವೈದ್ಯರನ್ನೇ ಕೇಳಿ.

ಮಕ್ಕಳಿಗೆ ‘ಮಲಗಿದೆ’ ಎನ್ನಬೇಡಿ, ಪುಟ್ಟವರು ನಿದ್ದೆಗೇ ಹೆದರಬಹುದು. ‘ಸತ್ತುಹೋಯಿತು, ಮತ್ತೆ ಬರುವುದಿಲ್ಲ’ ಎಂದೇ ಹೇಳಿ.

ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ ಅದರ ಊಟದ ಹೊತ್ತು ಬದಲಿಸಬೇಡಿ. ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ದುಃಖವೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸಿ. ವಾರಗಳು ಕಳೆದರೂ ನಿಮಗೇ ಊಟ, ನಿದ್ದೆ, ಕೆಲಸ ಸಾಗುತ್ತಿಲ್ಲವಾದರೆ ಆಪ್ತಸಮಾಲೋಚಕರನ್ನು ಕಾಣಿ, ‘ನಾಯಿಗಾಗಿ ಇಷ್ಟೊಂದಾ?’ ಎನ್ನುವವರಿಗೆ ಅಂಜಿ ಹಿಂಜರಿಯಬೇಡಿ.