ಗಡಿ ಹೊಳೆಯನ್ನು ಹಾಳೆಗೆ ಇಳಿಸುವುದು ಹೇಗೆ?

ಹರಿಹರದ ಸೇತುವೆ ಮೇಲೆ ಬಸ್ಸು ಹೋಗುವಾಗ ಮಕ್ಕಳು ಕಿಟಕಿಗೆ ಮುಖ ಒತ್ತಿ ತುಂಗಭದ್ರಾ ಹೊಳೆ ನೋಡುತ್ತಾರೆ. ಈ ನೀರು ಎಲ್ಲಿಂದ ಬಂತು, ಯಾರ ಹೊಟ್ಟೆ ತುಂಬಿಸುತ್ತೆ ಅಂತ ಅವರಿಗೆ ಹೇಳಬೇಕಲ್ವಾ? ಒಂದು ನಕ್ಷೆ ಬರೆಸಿ ಸಾಕು. ಜಿಲ್ಲೆಗಳಿರುವ, ಪಕ್ಕದ ಆಂಧ್ರವೂ ಕಾಣುವ ಕರ್ನಾಟಕ ನಕ್ಷೆ, ಮೂರು ಬಣ್ಣದ ಪೆನ್ಸಿಲ್, ಒಂದು ಮೊಳ ದಾರ ಇಟ್ಟುಕೊಳ್ಳಿ.

ಮೊದಲು ನೀಲಿ. ಶಿವಮೊಗ್ಗ ಹತ್ತಿರದ ಕೂಡ್ಲಿಯಿಂದ ಶುರು ಮಾಡಿ. ತುಂಗಾ, ಭದ್ರಾ ಸೇರುವುದು ಅಲ್ಲೇ. ಹೊನ್ನಾಳಿ, ಹರಿಹರ, ಹೊಸಪೇಟೆ, ಹಂಪಿ, ಮಂತ್ರಾಲಯ, ಕರ್ನೂಲು ದಾಟಿಸಿ ಕೃಷ್ಣೆಗೆ ಸೇರಿಸಿ. ಈಗ ಗೆರೆಯ ಮೇಲೆ ದಾರ ಇಡಿ. ತಿರುವು ಬಂದಲ್ಲಿ ಬೆರಳಿನಿಂದ ಒತ್ತಿ, ದಾರವನ್ನೂ ತಿರುಗಿಸಿ. ಆಮೇಲೆ ದಾರ ನೆಟ್ಟಗೆ ಎಳೆದು ನಕ್ಷೆಯ ಅಳತೆಪಟ್ಟಿಗೆ ಹಿಡಿಯಿರಿ. ಸುಮಾರು 531 ಕಿಲೋಮೀಟರ್ ಬರಬೇಕು. ತೀರಾ ಕಡಿಮೆ ಬಂದರೆ ತಿರುವುಗಳನ್ನು ನುಂಗಿದ್ದೀರಿ, ಇನ್ನೊಮ್ಮೆ ಅಳೆಯಿರಿ.

ಎರಡನೆಯದು ಕೆಂಪು, ಗಡಿಗೆ. ಹೊನ್ನಾಳಿಯಲ್ಲಿ ಹಾಕಬೇಡಿ, ಅಲ್ಲಿ ಎರಡೂ ದಡ ನಮ್ಮ ದಾವಣಗೆರೆ ಜಿಲ್ಲೆಯವೇ. ಹರಿಹರದಲ್ಲಿ ಹಾಕಿ. ಈಚೆ ದಾವಣಗೆರೆ, ಆಚೆ ಹಾವೇರಿಯ ರಾಣೆಬೆನ್ನೂರು ತಾಲ್ಲೂಕು. 1956ಕ್ಕೆ ಮುಂಚೆ ಈಚೆ ಮೈಸೂರು, ಆಚೆ ಮುಂಬೈ ರಾಜ್ಯ! ಕೆಳಗೆ ರಾಯಚೂರಿನ ಕಡೆ ಒಂದು ಕಾಲಕ್ಕೆ ನಿಜಾಮರ ಸೀಮೆಗೂ ಮದ್ರಾಸ್ ಸೀಮೆಗೂ ನಡುವೆ ಇದೇ ಹೊಳೆ. ಅಲ್ಲಿ ಈಗಲೂ ಆಚೆ ದಡ ಆಂಧ್ರದ್ದು.

ಇನ್ನು ಹಸಿರು, ಅನ್ನ ಬೆಳೆಯುವ ಜಾಗಕ್ಕೆ. ಇಲ್ಲಿ ಅವಸರ ಬೇಡ. ಹೊಳೆ ಪಕ್ಕದಲ್ಲಿದೆ ಅಂತ ಸುಮ್ನೆ ಅದರ ಸುತ್ತ ಹಸಿರು ಬಳಿದರೆ ತಪ್ಪಾಗುತ್ತೆ. ನಮ್ಮ ಕಡೆ ಭತ್ತದ ಗದ್ದೆಗೆ ನೀರು ಜಾಸ್ತಿ ಬರುವುದು ದೂರದ ಲಕ್ಕವಳ್ಳಿಯ ಭದ್ರಾ ಡ್ಯಾಮಿನಿಂದ, ನಾಲೆ ಹಿಡಿದು. ಅದಕ್ಕೇ ಅಲ್ಲಿ ಮಳೆ ಬಂತಾ ಅಂತ ಮಲೇಬೆನ್ನೂರಿನ ರೈತರು ಕೇಳುವುದು. ನಾಲೆಯ ಕೊನೆಯಲ್ಲಿರುವವರ ಸಂಕಟ ಬೇರೆಯೇ: ಮೇಲಿನವರ ಗದ್ದೆ ತುಂಬಿದ ಮೇಲೇ ಇವರಿಗೆ ನೀರು. ಆ ತುದಿಗೆ ತಿಳಿ ಹಸಿರು ಹಾಕಿಸಿ, ಯಾಕೆ ಅಂತ ಮಕ್ಕಳಿಗೆ ಹೇಳಿ.

ಇದೇ ಹೊಳೆಯ ಹೊಸಪೇಟೆ ಡ್ಯಾಮಿನ ನಾಲೆಗಳ ಕಡೆಗೂ ಹಸಿರು ಹಾಕಿಸಿ: ಎಡಕ್ಕೆ ಗಂಗಾವತಿ, ಸಿಂಧನೂರು. ಬಲಕ್ಕೆ ಬಳ್ಳಾರಿ, ಆಂಧ್ರ. 2024ರ ಆಗಸ್ಟ್ 10ರ ರಾತ್ರಿ ಅಲ್ಲಿ 19ನೇ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋದಾಗ ಮೂರು ರಾಜ್ಯದ ರೈತರು ಕಂಗಾಲಾದರು. ಆ ಜಾಗಕ್ಕೊಂದು ಚುಕ್ಕೆ ಇಡಿ.

ಕೊನೆಗೆ ಹಾಳೆ ಹಿಡಿದು ಹರಿಹರದ ಸೇತುವೆಗೆ ಹೋಗಿ. ಆಚೆ ದಡದ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಇದೆ. ಹೆಸರು ಈಚೆ ಊರಿನದು, ಜಾಗ ಹಾವೇರಿ ಜಿಲ್ಲೆಯದು. ಅದನ್ನು ಕೆಂಪು ಗೆರೆಯ ಯಾವ ಪಕ್ಕ ಬರೆಯಬೇಕು ಅಂತ ಮಕ್ಕಳನ್ನೇ ಕೇಳಿ.